ಕಿವಿಯಣ್ಣನೂ ಗೊರಕೆ ಮೀನೂ

ಕಿವಿಯಣ್ಣ ಎಂಬ ಹೆಸರು ಅವರಿಗೆ ಅಂಟಿಕೊಂಡದ್ದು ಕಿವಿ ದೊಡ್ಡದಿತ್ತೆಂದಲ್ಲ, ಆ ಕಿವಿಯಿಂದ ಅವರು ಮಾಡುತ್ತಿದ್ದ ಕೆಲಸದಿಂದ. ನಮ್ಮ ಬೀದಿಯ ದೋಣಿಗಳಿಗೆ ಇನ್ನೂ ಎಂಜಿನ್ ಬಂದಿರದ ಕಾಲದಲ್ಲಿ, ಒಟ್ಟಿಗೆ ಕಡಲಿಗಿಳಿದ ಆರು ದೋಣಿಗಳೂ ಒಂದು ಜಾಗದಲ್ಲಿ ಹುಟ್ಟು ಎತ್ತಿ ಸುಮ್ಮನೆ ನಿಲ್ಲುತ್ತಿದ್ದವು. ಕಿವಿಯಣ್ಣ ತಮ್ಮ ಹುಟ್ಟಿನ ಅಗಲವಾದ ತುದಿಯನ್ನು ನೀರಿಗಿಳಿಸಿ, ಹಿಡಿಯನ್ನು ಬಲಗಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ಆಗ ಯಾರೂ ಕೆಮ್ಮುವ ಹಾಗಿರಲಿಲ್ಲ. ಕೆಳಗೆ ಗೊರಕೆ ಮೀನಿನ ಗುಂಪಿದ್ದರೆ ಗರ್ ಗರ್ ಎಂಬ ಸದ್ದು ಮರದೊಳಗಿನಿಂದ ಏರಿ ಬರುತ್ತಿತ್ತು. ಅವರ ಎಡಗೈ ಮೇಲೆದ್ದರೆ ಸಾಕು, ಆರೂ ದೋಣಿಗಳಿಂದ ಬಲೆ ಬೀಳುತ್ತಿತ್ತು.

ಈ ವಿದ್ಯೆ ಕಲಿಸಿದ್ದು ಅವರ ಅಪ್ಪ. ಹನ್ನೆರಡನೆಯ ವಯಸ್ಸಿನಲ್ಲಿ ದೋಣಿಗೆ ನುಗ್ಗಿದ ನೀರು ಮೊಗೆಯುವ ಕೆಲಸಕ್ಕೆ ಬಂದ ಮಗನ ಕಿವಿಗೆ ಅಪ್ಪ ದಿನವೂ ಹುಟ್ಟಿನ ಹಿಡಿ ಒತ್ತಿ, "ಏನು ಕೇಳಿಸ್ತು?" ಎನ್ನುತ್ತಿದ್ದರು. "ನೀರು" ಎನ್ನುತ್ತಿದ್ದ ಮಗ. ಎರಡು ವರ್ಷ ಇದೇ ಪ್ರಶ್ನೆ, ಇದೇ ಉತ್ತರ. ಮೂರನೆಯ ವರ್ಷ ಒಂದು ಬೆಳಿಗ್ಗೆ, "ಕೆಳಗೆ ಯಾರೋ ಮಲಗಿದ್ದಾರಪ್ಪ" ಎಂದನಂತೆ. ಅಪ್ಪ ಬೆನ್ನು ತಟ್ಟಿ, ನೀರು ಮೊಗೆಯುವ ಡಬ್ಬಿಯನ್ನು ಅವನ ಕೈಯಿಂದ ಕಿತ್ತುಕೊಂಡು ತಾವೇ ಮೊಗೆಯತೊಡಗಿದರಂತೆ.

ಇಡೀ ಬೀದಿ ನಂಬಿದ ಈ ಕಿವಿಯನ್ನು ನಂಬದವರು ಒಬ್ಬರೇ, ಅವರ ಹೆಂಡತಿ. ಹರಿದ ಬಲೆ ಹೆಣೆಯುವುದರಲ್ಲಿ ಎತ್ತಿದ ಕೈಯಾದ ಅವರನ್ನು ಎಲ್ಲರೂ ಬಲೆಯಕ್ಕ ಎನ್ನುತ್ತಿದ್ದರು. ಕೈಯಿಂದ ಮುಟ್ಟಿ ನೋಡದ್ದನ್ನು ನಂಬುವ ಜಾಯಮಾನ ಅವರದಲ್ಲ.

"ಮೀನು ಗೊರಕೆ ಹೊಡೆಯುತ್ತಂತೆ. ನೀವು ದೋಣೀಲಿ ನಿದ್ದೆ ಮಾಡಿರ್ತೀರಿ, ನಿಮ್ಮ ಗೊರಕೆ ನಿಮಗೇ ಕೇಳಿಸಿರುತ್ತೆ."

"ಹಾಗಾದ್ರೆ ಬಲೆ ತುಂಬಾ ಮೀನು ಎಲ್ಲಿಂದ ಬಂತು?"

"ಅದೃಷ್ಟ. ಕುರುಡನ ಕಲ್ಲೂ ಒಂದೊಂದ್ಸಲ ಮಾವಿನಕಾಯಿಗೆ ತಗಲುತ್ತೆ."

ನೀನೇ ಬಂದು ಕೇಳು ಎನ್ನೋಣವೆಂದರೆ ಬಲೆಯಕ್ಕನಿಗೆ ದೋಣಿ ಹತ್ತಿದರೆ ಹೊಟ್ಟೆ ತೊಳಸುತ್ತಿತ್ತು. ಒಮ್ಮೆ ಕಿವಿಯಣ್ಣ ಹಠಕ್ಕೆ ಬಿದ್ದು ಜೀವಂತ ಗೊರಕೆ ಮೀನನ್ನೇ ಬಕೆಟ್ಟಿನಲ್ಲಿ ಮನೆಗೆ ತಂದರು. ಗಂಡ ಹೆಂಡತಿ ಬಕೆಟ್ಟಿನ ಆಚೆ ಈಚೆ ಕೂತು ಒಂದು ಗಂಟೆ ಕಾದರು. ಮೀನು ತುಟಿ ಪಿಟಕ್ಕೆನ್ನಲಿಲ್ಲ.

"ಹೊಸ ಜಾಗ, ಅದಕ್ಕೆ ಸಂಕೋಚ" ಎಂದರು ಕಿವಿಯಣ್ಣ. ಬಲೆಯಕ್ಕ ನಕ್ಕದ್ದು ಮೂರು ಮನೆಯಾಚೆಗೂ ಕೇಳಿಸಿತು.

ಆಮೇಲೆ ಎಂಜಿನ್ ಬಂತು, ನೀರಿನಡಿಯ ಮೀನನ್ನು ಚುಕ್ಕಿ ಚುಕ್ಕಿಯಾಗಿ ತೋರಿಸುವ ಯಂತ್ರ ಬಂತು. ಕಿವಿಯಣ್ಣ ಹುಟ್ಟನ್ನು ಹಿತ್ತಲಿನ ಗೋಡೆಗೆ ಒರಗಿಸಿದರು. ಅದಕ್ಕಾಗಿ ಕೊರಗಿದವರಲ್ಲ, ಅಷ್ಟು ಹೊತ್ತಿಗೆ ಮೊಣಕಾಲೂ ಸಾಕು ಸಾಕು ಎನ್ನುತ್ತಿತ್ತು. ಹೆಂಡತಿ ಹೆಣೆಯುವ ಬಲೆಯ ಇನ್ನೊಂದು ತುದಿ ಹಿಡಿದು ಕೂರುವುದು, ಬೈಸಿಕೊಳ್ಳುವುದು, ನಗುವುದು, ಹೀಗೆ ಹತ್ತು ವರ್ಷ ಕಳೆಯಿತು.

ಸೊಸೆ ಶಾಲೆಯಲ್ಲಿ ಟೀಚರ್. ಒಂದು ದಿನ ಮಕ್ಕಳನ್ನು ಪಕ್ಕದ ಊರಿನಲ್ಲಿ ಹೊಸದಾಗಿ ತೆರೆದಿದ್ದ ಕಡಲು ಮತ್ತು ದೋಣಿ ಮೀನುಗಾರಿಕೆಯ ಕಲಿಕಾ ಕೇಂದ್ರಕ್ಕೆ ಕರೆದೊಯ್ಯುವುದಿತ್ತು.

"ಬಸ್ಸಲ್ಲಿ ಎರಡು ಸೀಟು ಖಾಲಿ ಇದೆ. ಮಾವ, ಅತ್ತೆ, ಇಬ್ರೂ ಬನ್ನಿ."

"ಕಡಲು ನೋಡೋಕೆ ಬಸ್ ಯಾಕಮ್ಮ? ಬಾಗಿಲು ತೆಗೆದ್ರೆ ಕಾಣಿಸುತ್ತಲ್ಲ" ಎಂದರು ಕಿವಿಯಣ್ಣ.

"ಬಾಗಿಲು ತೆಗೆದ್ರೆ ಮೇಲುಗಡೆ ಮಾತ್ರ ಕಾಣಿಸುತ್ತೆ ಮಾವ."

ಕಿವಿಯಣ್ಣ ಚಪ್ಪಲಿ ಮೆಟ್ಟಿದರು.

ಕೇಂದ್ರವಿದ್ದದ್ದು ಹಳೆಯ ಮಂಜುಗಡ್ಡೆ ಕಾರ್ಖಾನೆಯಲ್ಲಿ. ದಪ್ಪ ಗೋಡೆ, ತಣ್ಣನೆಯ ನೆಲ. ಉದ್ದಕ್ಕೆ ಸೀಳಿ ನಿಲ್ಲಿಸಿದ ದೋಣಿಯ ಪಕ್ಕೆಗಳನ್ನು ಮಕ್ಕಳು ಎಣಿಸತೊಡಗಿದರು. ಚಾವಣಿಯಿಂದ ಇಳಿಬಿಟ್ಟ ಬಲೆಯನ್ನು ಬಲೆಯಕ್ಕ ಎರಡು ಬೆರಳಲ್ಲಿ ಜಗ್ಗಿ ನೋಡಿ, "ಇದನ್ನ ಕಟ್ಟಿದವರಿಗೆ ಏನೋ ಅರ್ಜೆಂಟಿತ್ತು" ಎಂದರು.

ವಿವರಿಸುತ್ತಿದ್ದ ಕೇಂದ್ರದ ಹುಡುಗಿ ನಕ್ಕುಬಿಟ್ಟಳು. "ನಾನೇ ಕಟ್ಟಿದ್ದಮ್ಮ. ಉದ್ಘಾಟನೆಗೆ ಎರಡೇ ದಿನ ಇತ್ತು."

ಕೊನೆಯದು ಕಿಟಕಿಯಿಲ್ಲದ ಸಣ್ಣ ಕೋಣೆ. ಒಂದು ಬೆಂಚು, ಗೋಡೆಯ ಮೊಳೆಗೆ ತೂಗುಹಾಕಿದ ನಾಲ್ಕು ಹೆಡ್‌ಫೋನು. ಕಡಲು ಮೂಕವಲ್ಲ, ನೀರಿನೊಳಗೆ ಮೈಕ್ ಇಳಿಸಿ ಹಿಡಿದ ಸದ್ದುಗಳು ಇಲ್ಲಿವೆ ಎಂದು ಹುಡುಗಿ ಮಕ್ಕಳಿಗೆ ಹೇಳುತ್ತಿದ್ದಳು. ಸೊಸೆ ಒಂದನ್ನು ತೆಗೆದು ಮಾವನ ತಲೆಗೆ ಏರಿಸಿದಳು.

ಕಿವಿಯಣ್ಣ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನಲ್ಲೇ ಅವರ ಎಡಗೈ ತಾನಾಗಿ ಮೇಲೆದ್ದಿತು. ಬಲೆ ಬೀಳಲಿ ಎಂಬ ಸನ್ನೆ ಅದು. ಆ ಕೋಣೆಯಲ್ಲಿ ಅದರ ಅರ್ಥ ಗೊತ್ತಿದ್ದದ್ದು ಬಲೆಯಕ್ಕನಿಗೆ ಮಾತ್ರ.

"ಏನಜ್ಜ, ಜೋರಾಗಿದೆಯಾ? ಕಡಿಮೆ ಮಾಡ್ಲಾ?" ಹುಡುಗಿ ಕೇಳಿದಳು.

"ಬೇಡಮ್ಮ. ದೊಡ್ಡ ಗುಂಪಿದು. ಕೆಸರಿನ ತಳ, ಆಳ ಜಾಸ್ತಿ ಇಲ್ಲ. ಸೂರ್ಯ ಮುಳುಗೋ ಹೊತ್ತಲ್ಲಿ ಹಿಡಿದಿದ್ದೀರಿ, ಅಲ್ವಾ? ಮಧ್ಯಾಹ್ನ ಇವು ಇಷ್ಟು ಮಾತಾಡೋಲ್ಲ."

ಹುಡುಗಿ ಒಳಗೆ ಹೋಗಿ ಒಂದು ದಪ್ಪ ನೋಟ್‌ಬುಕ್ ತಂದು ಹಾಳೆ ಮಗುಚಿದಳು. ಸಂಜೆ ಆರೂವರೆ, ನದಿ ಕಡಲಿಗೆ ಸೇರುವ ಕಡೆ, ಕೆಸರಿನ ತಳ. ಅವಳು ಬೆಂಚಿನ ತುದಿಯಲ್ಲಿ ಕೂತುಬಿಟ್ಟಳು. "ಇದೆಲ್ಲ ನಿಮಗೆ ಹೇಗೆ ಗೊತ್ತು ಅಜ್ಜ?"

ಅಜ್ಜ ಬಾಯಿ ತೆರೆಯುವ ಮೊದಲೇ ಬಲೆಯಕ್ಕ, "ಕೊಡಿ ಇಲ್ಲಿ" ಎಂದು ಗಂಡನ ತಲೆಯಿಂದ ಹೆಡ್‌ಫೋನ್ ಕಳಚಿ ತಾವು ಹಾಕಿಕೊಂಡರು.

ಅವರ ಮುಖ ಮೊದಲು ಗಂಟಿಕ್ಕಿತು, ಆಮೇಲೆ ಸಡಿಲವಾಯಿತು. ನೂರಾರು ಜನ ಒಂದೇ ಮನೆಯಲ್ಲಿ ಮಲಗಿ ಗೊರಕೆ ಹೊಡೆದಂತೆ, ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು ಶುರು ಮಾಡಿದಂತೆ ಗರ್ ಗರ್ ಗರ್.

"ಇದು ಮೀನಾ?"

"ಹೌದಮ್ಮ" ಎಂದಳು ಹುಡುಗಿ. "ಹೊಟ್ಟೆಯೊಳಗಿನ ಗಾಳಿಚೀಲವನ್ನ ತಮಟೆ ಹಾಗೆ ಬಾರಿಸುತ್ತೆ."

ಬಲೆಯಕ್ಕ ಗಂಡನ ಕಡೆ ತಿರುಗಿದರು. "ಇಷ್ಟು ವರ್ಷ ಇದನ್ನ ನೀವೊಬ್ರೇ ಕೇಳ್ತಾ ಇದ್ರಾ?"

"ನಾನೇನು ಬಚ್ಚಿಟ್ಟುಕೊಂಡಿದ್ನಾ?"

ಬಲೆಯಕ್ಕನ ಕಣ್ಣು ತುಂಬಿತು, ಅದರ ಹಿಂದೆಯೇ ನಗು ಬಂತು. ಹೆಡ್‌ಫೋನ್ ಮಾತ್ರ ಬಿಟ್ಟುಕೊಡಲಿಲ್ಲ. ಮಕ್ಕಳ ಸಾಲು ಬಾಗಿಲಾಚೆ ಬೆಳೆಯಿತು. "ಅತ್ತೆ, ಮಕ್ಕಳೂ ಕೇಳ್ಬೇಕು" ಎಂದು ಸೊಸೆ ಮೂರು ಸಲ ಹೇಳಿದ ಮೇಲೆ ಎದ್ದರು.

ಎದ್ದವರು ಬೇರೆಯೇ ಮನುಷ್ಯರಾಗಿದ್ದರು. "ನಮ್ಮ ಮನೆಯವರು ಹುಟ್ಟು ಕಿವಿಗಿಟ್ಟು ಇದನ್ನ ಕೇಳ್ತಿದ್ರು. ನಾನು ಮೊದಲಿಂದ ಹೇಳ್ತಾನೇ ಇದೀನಿ" ಎಂದು ಮಕ್ಕಳಿಗೆ ಹೇಳಿದರು, ಕಾವಲುಗಾರನಿಗೆ ಹೇಳಿದರು, ವಾಪಸು ಬರುವಾಗ ಬಸ್ಸಿನ ಡ್ರೈವರಿಗೂ ಹೇಳಿದರು. ಕಿವಿಯಣ್ಣ ಕಿಟಕಿಯ ಕಡೆ ಮುಖ ಮಾಡಿ ನಗು ನುಂಗಿಕೊಂಡರು. ಮಾರನೆಯ ದಿನ ಬಲೆಯಕ್ಕ ನಮ್ಮ ಮನೆಗೂ ಬಂದು ಹೇಳಿದರು. ನಲವತ್ತು ವರ್ಷದ ಜಗಳ ಕೇಳಿದ್ದ ನಾವು, "ಹೌದು ಬಲೆಯಕ್ಕ, ನೀವು ಹೇಳ್ತಾನೇ ಇದ್ರಿ" ಎಂದು ಒಪ್ಪಿಕೊಂಡೆವು.

ಒಂದು ವಾರದಲ್ಲಿ ಕೇಂದ್ರದಿಂದ ಫೋನ್ ಬಂತು. ಯಾವ ಪ್ರಾಣಿಯದೆಂದು ಗೊತ್ತಾಗದ ಹನ್ನೆರಡು ಸದ್ದುಗಳಿವೆ, ಅಜ್ಜ ಬಂದು ಕೇಳಬೇಕು ಎಂದಳು ಹುಡುಗಿ. ಇಬ್ಬರೂ ಹೋದರು. ಬಲೆಯಕ್ಕ ಚಾವಣಿಯ ಬಲೆಯನ್ನು ಇಳಿಸಿ ಬಿಚ್ಚಿ ಕಟ್ಟುತ್ತ ಕೂತರು. ಕಿವಿಯಣ್ಣ ಕೋಣೆಯೊಳಗೆ ಒಂದೊಂದೇ ಸದ್ದು ಕೇಳಿ ಹೆಸರು ಬರೆಸಿದರು. ಎಣ್ಣೆ ಸಿಡಿದಂತೆ ಚಟಪಟ ಎಂದದ್ದು ಸಿಗಡಿ. ಬಾಗಿಲು ಕಿರುಗುಟ್ಟಿದಂತೆ ಬಂದದ್ದು ಮೀನೇ ಅಲ್ಲ, ಲಂಗರಿನ ಹಗ್ಗ. ಹೀಗೆ ಒಂಬತ್ತರ ಗುರುತು ಸಿಕ್ಕಿತು. ಉಳಿದ ಮೂರಕ್ಕೆ, "ಗೊತ್ತಿಲ್ಲಮ್ಮ" ಎಂದರು. ಹುಡುಗಿಗೆ ನಿರಾಸೆಯಾಗಿರಬಹುದು, ಕಿವಿಯಣ್ಣನ ಮುಖ ಮಾತ್ರ ಅರಳಿತ್ತು.

"ಈ ವಯಸ್ಸಲ್ಲೂ ಕೇಳದೇ ಇರೋದು ಮೂರು ಸಿಕ್ತು ನೋಡು" ಎಂದರು ಬಸ್ ನಿಲ್ದಾಣದಲ್ಲಿ ಹೆಂಡತಿಗೆ.

"ಹೇಗಿತ್ತು?"

"ಒಂದು ಹೀಗೆ." ಅವರು ತುಟಿ ಮುಂದೆ ಚಾಚಿ ಬೊಳಕ್ ಬೊಳಕ್ ಎಂದು ಮಾಡಿ ತೋರಿಸಿದರು. "ಅಲ್ಲ, ಇನ್ನೂ ಸ್ವಲ್ಪ ಗಂಟಲಿಂದ."

ಬಲೆಯಕ್ಕ ಕೈಚೀಲ ಕೆಳಗಿಟ್ಟು, ತಾವೂ ಒಮ್ಮೆ ಗಂಟಲಿನಿಂದ ಮಾಡಿ ನೋಡಿದರು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಹಾಂ, ಅದೇ" ಎಂದರು ಕಿವಿಯಣ್ಣ. "ಇನ್ನೊಂದ್ಸಲ ಮಾಡು."