ಹಲಸಿನ ಮರಕ್ಕೆ ಜಾಮೀನು

ಬೆಳಿಗ್ಗೆ ಪಕ್ಕದ ಮನೆಯವರು ಅರ್ಧ ಹಲಸಿನ ಹಣ್ಣು ಕೊಟ್ಟು ಹೋದರು. ಹಲಸನ್ನು ಬಚ್ಚಿಟ್ಟು ತಿನ್ನುವುದು ಯಾರಿಂದಲೂ ಆಗದು ನೋಡಿ. ವಾಸನೆಯೇ ಬೀದಿಗೆಲ್ಲ ಡಂಗುರ ಸಾರುತ್ತದೆ. ಹಸಿದು ಹಲಸು, ಉಂಡು ಮಾವು ಅನ್ನುತ್ತಾರೆ. ನನಗೆ ಹಸಿದರೂ ಹಲಸೇ, ಉಂಡರೂ ಹಲಸೇ. ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸಲು ಕೂತೆ. ಮದುವೆಯಾಗಿ ಬುಕ್ಕಾಂಬುಧಿಗೆ ಬಂದ ಹೊಸದರಲ್ಲಿ ಈ ಎಣ್ಣೆಯ ಬುದ್ಧಿಯೂ ಇರಲಿಲ್ಲ. ಮೇಣ ಮೆತ್ತಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡೆ; ಸೆರಗೂ ಹೋಯಿತು, ಮಾನವೂ ಹೋಯಿತು. ನಕ್ಕು ನಕ್ಕು ಸಾಕಾದ ಅತ್ತೆ ಕೊನೆಗೆ ಎಣ್ಣೆ ಗಿಂಡಿ ತಂದಿಟ್ಟರು.

ಅದು ಮಹಾರಾಜರ ಕಾಲ. ಕೆರೆಯ ಕೆಳಗೆ ನಮ್ಮ ತೆಂಗಿನ ತೋಟ, ಅದರ ಮೂಲೆಯಲ್ಲಿ ಅತ್ತೆಯ ಹಲಸು. ಅಮೃತಾಪುರದ ತವರಿನಿಂದ ಬೀಜ ತಂದು, ಬೇರು ಕದಲಿದರೆ ಹಲಸಿಗೆ ಆಗದೆಂದು ಬೆಳೆಯಬೇಕಾದ ಜಾಗದಲ್ಲೇ ಊರಿ, ಬೇಸಿಗೆಯಲ್ಲಿ ಬಿಂದಿಗೆ ಬಿಂದಿಗೆ ನೀರು ಹೊತ್ತು ಸಾಕಿದ್ದರು. ಹತ್ತು ವರ್ಷ ದಾಟಿದರೂ ಕಾಯಿ ಮಾತ್ರ ಕಚ್ಚಲಿಲ್ಲ. ಸೊಪ್ಪು ತಿನ್ನುವ ಮೇಕೆಗಳಿಗಷ್ಟೇ ಸುಗ್ಗಿ.

ಒಂದು ದಿನ ಊಟಕ್ಕೆ ಕೂತ ಮಾವ, "ನಿನ್ನ ತವರಿನ ಬೀಜ ಅಲ್ವಾ, ಬರೀ ಸೊಪ್ಪೇ ಬತ್ತದೆ" ಎಂದುಬಿಟ್ಟರು. ಅಂದಿನಿಂದ ಅತ್ತೆ ಅವರೊಡನೆ ಮಾತು ನಿಲ್ಲಿಸಿದರು. ಇಬ್ಬರ ನಡುವೆ ಅಂಚೆ ಪೇದೆ ನಾನೇ. ಒಂದೇ ಪಡಸಾಲೆಯಲ್ಲಿ ಕೂತು ಅತ್ತೆ, "ನಿಮ್ ಮಾವಂಗೆ ಹೇಳವ್ವ, ಮುದ್ದೆ ಆರ್ತದೆ" ಅನ್ನುವರು. "ನಿಮ್ಮತ್ತೆಗೆ ಹೇಳವ್ವ, ಬತ್ತೀನಿ ಅಂತ" ಎನ್ನುವರು ಮಾವ. ಎರಡು ತಿಂಗಳು ಹೀಗೇ. ನನಗೆ ನಗು ಬರುತ್ತಿತ್ತು, ನಿಜ. ಆದರೆ ಅತ್ತೆ ಹಿತ್ತಿಲಲ್ಲಿ ಒಬ್ಬರೇ ಕಣ್ಣೊರೆಸಿಕೊಳ್ಳುವುದನ್ನು ಕಂಡಾಗ ಸಂಕಟವಾಗುತ್ತಿತ್ತು.

ಕಾಯಿ ಬಿಡದ ಮರವನ್ನು ಹೆದರಿಸುವ ಪದ್ಧತಿ ನಮ್ಮ ಕಡೆ ಇತ್ತು. ಒಬ್ಬರು ಕೊಡಲಿ ಎತ್ತಿ ಕಡಿಯುತ್ತೇನೆ ಅನ್ನಬೇಕು. ಮರ ನೆಟ್ಟವರು ಅಡ್ಡ ಬಂದು, ಬೇಡ, ಮುಂದಿನ ವರ್ಷ ಬಿಡುತ್ತದೆ, ನಾನು ಜಾಮೀನು ಅನ್ನಬೇಕು. ಸಂಕ್ರಾಂತಿ ಕಳೆದ ಮೇಲೆ ಮಾವ ಕೊಡಲಿ ಹೆಗಲಿಗೇರಿಸಿ ಹೊರಟರು. ನನ್ನನ್ನು ಜೊತೆಗೆ ಕರೆದುಕೊಂಡು ಅತ್ತೆಯೂ ಹಿಂದೆ ಬಂದರು, ಬಾಯಿಗೆ ಬೀಗ ಹಾಕಿಕೊಂಡು.

"ಕಡೀತೀನಿ!" ಎಂದರು ಮಾವ. ಅತ್ತೆ ತೆಂಗಿನ ಗರಿ ನೋಡುತ್ತಾ ನಿಂತರು. "ಕಡಿದೇ ಬಿಡ್ತೀನಿ!"

ಅತ್ತೆ ನನ್ನ ಕಡೆ ತಿರುಗಿ, "ನಿಮ್ ಮಾವಂಗೆ ಹೇಳವ್ವ..." ಎಂದು ಶುರುಮಾಡಿದರು.

ಎಂದೂ ಇಲ್ಲದ ಧೈರ್ಯ ತಂದುಕೊಂಡು, "ನೆಟ್ಟೋರೇ ಹೇಳ್ಬೇಕು ಅತ್ತೆಮ್ಮ" ಎಂದವಳೇ ತೆಂಗಿನ ಮರದ ಹಿಂದೆ ಸರಿದೆ. ಮಾವನೂ ಹಠವಾದಿ. ಕೊಡಲಿ ಬಿದ್ದೇಬಿಟ್ಟಿತು, ತೊಗಟೆ ಸೀಳಿ ಬಿಳೀ ಹಾಲು ಒಸರಿತು.

"ಬ್ಯಾಡ್ರೀ! ಕೈ ಮುಗೀತೀನಿ, ನಾನು ಜಾಮೀನು ಕಣ್ರೀ!" ಎಂದು ಅತ್ತೆ ಓಡಿಹೋಗಿ ಮರವನ್ನು ತಬ್ಬಿಕೊಂಡರು.

ಮಾವ ಕೊಡಲಿ ಬಿಸಾಕಿದರು. ಒದ್ದೆ ಮಣ್ಣು ತಂದು ಗಾಯಕ್ಕೆ ಮೆತ್ತುತ್ತಾ, "ಅಷ್ಟು ಮಾತಿಗೆ ಎರಡು ತಿಂಗ್ಳು ಬೇಕಾಯ್ತೇನೇ?" ಎಂದರು.

ಮುಂದಿನ ವರ್ಷ ಬುಡದಿಂದ ಕೊಂಬೆಯವರೆಗೆ ಎಳೆಗಾಯಿ. ಅಂಥ ಮರದ ಮುಂದೆಯೂ ಮಾವ ಒಂದು ಸಂಜೆ ಕೊಡಲಿ ಹಿಡಿದು ನಿಂತಿದ್ದರು. "ಇನ್ನೂ ಯಾಕೆ ಮಾವಯ್ಯ?" ಎಂದೆ.

"ಮರದ ತಪ್ಪೇನಿಲ್ಲ ಕಣವ್ವ" ಎಂದು ದನಿ ತಗ್ಗಿಸಿದರು. "ನಿಮ್ಮತ್ತೆ ನಿನ್ನೆಯಿಂದ ಮಾತಾಡ್ತಿಲ್ಲ. ಹೋಗಿ ಕರ್ಕಂಬಾ."

ಇಷ್ಟು ನೆನೆಯುವ ಹೊತ್ತಿಗೆ ತಟ್ಟೆ ತುಂಬಿತ್ತು. ಜಗಲಿಯ ಮೇಲೆ ನಮ್ಮ ಯಜಮಾನರು ಬೆನ್ನು ತಿರುಗಿಸಿ ಕೂತಿದ್ದರು. ಹೋಗಿ ತಟ್ಟೆ ಮುಂದಿಟ್ಟು, "ತಗೊಳ್ರೀ" ಎಂದೆ. ಮೂರು ದಿನಗಳ ಮೇಲೆ ನಾನು ಅವರೊಡನೆ ಆಡಿದ ಮೊದಲ ಮಾತು ಅದು.