ಎರಡನೆಯ ಡ್ರೈವ್

ನನ್ನ ಗಂಡ ನನ್ನ ಕೂದಲು ಹಿಡಿದು ಹಣೆಯನ್ನು ಮೇಜಿಗೆ ಚಚ್ಚಿದಾಗ, ನಮ್ಮ ಮನೆಯ ಫೈಲುಗಳು ಹಳೆಯ ಡ್ರೈವ್‌ಗಳಿಂದ ಹೊಸದಕ್ಕೆ ಕಾಪಿ ಆಗಲು ಆಗತಾನೇ ಶುರುವಾಗಿದ್ದವು. ಆಸ್ಟಿನ್ ಪಕ್ಕದ ಊರು ಫ್ಲೂಗರ್‌ವಿಲ್‌ನ ನಮ್ಮ ಮನೆ, ಶನಿವಾರದ ಬೆಳಗ್ಗೆ. ಉಪ್ಪಿಟ್ಟಿಗೆ ಇಟ್ಟ ನೀರು ಒಲೆಯ ಮೇಲೆ ಕುದಿಯುತ್ತಿತ್ತು.

ಚಪ್ಪಲಿ ಡಬ್ಬದಷ್ಟು ದೊಡ್ಡ ಪೆಟ್ಟಿಗೆ, ಅದರೊಳಗೆ ನಾಲ್ಕು ಚಿಕ್ಕ ಡ್ರೈವ್. ಫೋಟೋ, ತೆರಿಗೆಯ ಕಾಗದ, ಅಡುಗೆಮನೆಯ ಕ್ಯಾಮೆರಾದ ರೆಕಾರ್ಡಿಂಗ್, ಎಲ್ಲವೂ ಅದರಲ್ಲೇ. ಕ್ಯಾಮೆರಾ ಹಾಕಿಸಿದವನು ಅವನು, ನಾನು ಯಾರ ಜೊತೆ ಫೋನಿನಲ್ಲಿ ಮಾತಾಡುತ್ತೇನೆ ಎಂದು ನೋಡಲು. ನಮ್ಮ ಮನೆಯ ವಿಡಿಯೋ ಹೊರಗಿನವರ ಕೈಗೆ ಸಿಗಬಾರದು, ಮನೆಯೊಳಗೇ ಇರಲಿ ಎಂದವನೂ ಅವನೇ. ಹಾಗಾಗಿ ಕೆಲವು ತಿಂಗಳ ಹಿಂದೆ ಅವನು ನನ್ನ ಮಣಿಕಟ್ಟು ಮುರಿದದ್ದರ ವಿಡಿಯೋ ಕೂಡ ಮನೆಯೊಳಗೇ ಭದ್ರವಾಗಿತ್ತು. ಅಳಿಸು ಎಂದಿದ್ದ, ಅಳಿಸಿದೆ ಎಂದಿದ್ದೆ. ಮೆಟ್ಟಿಲ ಮೇಲೆ ಜಾರಿ ಬಿದ್ದೆ ಎಂದು ಆಸ್ಪತ್ರೆಯಲ್ಲಿ ನನ್ನಿಂದಲೇ ಹೇಳಿಸಿದ. ಅದನ್ನು ನಂಬದ ನಮ್ಮವರೂ "ಅವಳ ಬಾಯಿ ಸುಮ್ನಿರಲ್ಲ" ಎಂದು ಅವನ ಪಕ್ಷವನ್ನೇ ಹಿಡಿದರು. ನನಗೆ ಅವನಿಂದ ಬಿಡುಗಡೆ ಬೇಕಿತ್ತು. ಕೋರ್ಟಿಗೆ ತೋರಿಸಲು ಇದ್ದದ್ದು ಆ ವಿಡಿಯೋ ಒಂದೇ.

ನಾನು ಒಂದು ಪೆನ್‌ಡ್ರೈವ್ ಹಿಡಿದರೂ ಅವನು ಪ್ರಶ್ನೆ ಕೇಳುತ್ತಿದ್ದ. ಅದಕ್ಕೇ, ಜಾಗ ಸಾಲುತ್ತಿಲ್ಲ, ನಾಲ್ಕನ್ನೂ ಒಂದು ದೊಡ್ಡ ಡ್ರೈವ್‌ಗೆ ಸಾಗಿಸುತ್ತೇನೆ ಎಂದು ಹೇಳಿಯೇ ಶುರುಮಾಡಿದ್ದೆ. ಆಸ್ಟಿನ್‌ನಲ್ಲಿ ನನ್ನ ನೌಕರಿಯೇ ಇಂಥ ಪೆಟ್ಟಿಗೆಗಳದ್ದು, ಅವನಿಗೆ ಅನುಮಾನ ಬರಲಿಲ್ಲ. ಆದರೆ ಕಾಫಿ ಲೋಟ ಹಿಡಿದು ಹಿಂದೆ ಬಂದು ನಿಂತವನಿಗೆ ಪರದೆಯ ಮೇಲೆ ಓಡುತ್ತಿದ್ದ ಹೆಸರು ಕಂಡಿತು: ಕಿಚನ್ ಕ್ಯಾಮೆರಾ. ಬಿಸಿ ಕಾಫಿ ನನ್ನ ಕತ್ತಿನ ಮೇಲೆ ಬಿತ್ತು. ಆಮೇಲೆ ಮೇಜು.

"ಡಿಲೀಟ್ ಮಾಡಿದೀನಿ ಅಂದಿದ್ದೆ ತಾನೆ? ಯಾವುದ್ರಲ್ಲಿದೆ? ಹೇಳೇ!"

ರಕ್ತ ಕಣ್ಣಿಗಿಳಿದು ಏನೂ ಕಾಣುತ್ತಿರಲಿಲ್ಲ. ತಲೆ ಮಾತ್ರ ಓಡುತ್ತಿತ್ತು. ಅವನು ಆ ಡ್ರೈವ್‌ಗಳನ್ನು ಅಡುಗೆಮನೆಯ ಡಬ್ಬಗಳೆಂದುಕೊಂಡಿದ್ದ, ಒಂದರಲ್ಲಿ ಅಕ್ಕಿ, ಇನ್ನೊಂದರಲ್ಲಿ ಬೇಳೆ.

"ಎರಡನೇದ್ರಲ್ಲಿ," ಎಂದೆ. "ಹೊಸದಕ್ಕೆ ಇನ್ನೂ ಬಂದಿಲ್ಲ."

ಅದನ್ನು ಕಿತ್ತು ಗ್ಯಾರೇಜಿಗೆ ಒಯ್ದ. ಸುತ್ತಿಗೆಯ ಹೊಡೆತಗಳನ್ನು ನೆಲದ ಮೇಲೆ ಕುಳಿತೇ ಕೇಳಿದೆ. ವಾಪಸ್ ಬಂದು ಚೂರುಗಳನ್ನು ನನ್ನ ಮಡಿಲಿಗೆ ಸುರಿದು, ಹೊಟ್ಟೆಗೆ ಒದ್ದ. "ಈಗ ಹೋಗು ಕೋರ್ಟಿಗೆ," ಎಂದ. ಆಮೇಲೆ ಸ್ನಾನ ಮಾಡಿ, ಬಿಳಿ ಪ್ಯಾಂಟು ಹಾಕಿಕೊಂಡು, ನಮ್ಮವರ ಕ್ರಿಕೆಟ್ ಮ್ಯಾಚಿಗೆ ಹೋದ.

ಆ ನಾಲ್ಕರಲ್ಲಿ ಯಾವ ಡ್ರೈವೂ ಒಂದು ವಿಡಿಯೋವನ್ನು ಇಡಿಯಾಗಿ ಇಟ್ಟುಕೊಂಡಿರಲಿಲ್ಲ. ಪ್ರತಿ ಫೈಲೂ ತುಂಡಾಗಿ ನಾಲ್ಕಕ್ಕೂ ಹಂಚಿಹೋಗಿತ್ತು. ಒಂದು ಸತ್ತರೆ ಉಳಿದ ಮೂರು ಸೇರಿ ಅದರ ಪಾಲನ್ನು ಮತ್ತೆ ಕಟ್ಟುವಂತೆ ನಾನೇ ಜೋಡಿಸಿದ್ದೆ. ಎರಡು ಹೋಗಿದ್ದರೆ ಎಲ್ಲವೂ ಹೋಗುತ್ತಿತ್ತು. ಒಂದನ್ನು ಅವನ ಕೋಪಕ್ಕೆ ಕೊಟ್ಟೆ, ಬೇವರ್ಸಿ ಅದಕ್ಕೇ ತೃಪ್ತನಾದ. ಪೆಟ್ಟಿಗೆಯನ್ನೂ ಹೊಸ ಡ್ರೈವನ್ನೂ ಟವೆಲಿನಲ್ಲಿ ಸುತ್ತಿ ಕಾರಿನ ಮುಂದಿನ ಸೀಟಿನಲ್ಲಿಟ್ಟು ಬೆಲ್ಟ್ ಹಾಕಿದೆ. ಮೂರು ಗಂಟೆ ದಾರಿಯ ಯೂಲೆಸ್‌ನಲ್ಲಿರುವ ಅಕ್ಕನ ಮನೆ ತಲುಪುವವರೆಗೂ ಎಲ್ಲೂ ನಿಲ್ಲಿಸಲಿಲ್ಲ.

ಅಕ್ಕ ನನ್ನ ಹಣೆಗೆ ಅರಿಸಿನ ಒತ್ತುತ್ತಾ, "ನೀನೂ ಸ್ವಲ್ಪ ಬಾಯಿ ಕಡಿಮೆ ಮಾಡ್ಬೇಕಿತ್ತು ಕಣೇ," ಎಂದಳು.

ನನಗೆ ಮೈಯೆಲ್ಲ ಉರಿಯಿತು. "ಹೌದು, ಬೈದಿದೀನಿ! ಕೈ ಮುರೀತಿರೋವಾಗ್ಲೂ ಅವನ ಜನ್ಮ ಜಾಲಾಡಿದೀನಿ. ಇನ್ನೇನು, ಆರತಿ ಎತ್ಬೇಕಿತ್ತಾ?"

ಆ ವಿಡಿಯೋವನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ, ನಾನು ಹಾಗೇ ನಂಬಿದ್ದೆ. ಇಷ್ಟು ತಿಂಗಳು ನನ್ನನ್ನು ನೆಟ್ಟಗೆ ನಿಲ್ಲಿಸಿದ್ದೇ ಆ ನೆನಪು. ಏಟು ತಿಂದಿದ್ದೇನೆ, ಬಗ್ಗಿಲ್ಲ ಎಂದುಕೊಂಡೇ ದಿನ ದೂಡಿದ್ದೆ.

ಮೂರು ಡ್ರೈವ್‌ಗಳಿಂದ ಕಾಪಿ ಮುಗಿಯುವಾಗ ಮಾರನೆಯ ಮಧ್ಯಾಹ್ನವಾಯಿತು. ಹೊಸದರಿಂದ ಫೈಲು ತೆರೆದೆ, ಅಕ್ಕ ಪಕ್ಕದಲ್ಲಿ ಕೂತಳು. ಚಿತ್ರ ಸ್ವಚ್ಛವಾಗಿತ್ತು, ಧ್ವನಿಯೂ ಸ್ವಚ್ಛವಾಗಿತ್ತು. ಅವನು ನನ್ನ ಕೈಯನ್ನು ಅಡುಗೆಮನೆಯ ಡ್ರಾಯರಿನೊಳಗೆ ಒತ್ತಿ ಹಿಡಿದು, ಡ್ರಾಯರನ್ನು ಮಂಡಿಯಿಂದ ಗುದ್ದಿ ಮುಚ್ಚುತ್ತಾನೆ. ತೆಗೆದು ಮತ್ತೆ ಗುದ್ದುತ್ತಾನೆ. ನಾನು ಬೈಯುವುದಿಲ್ಲ. "ತಪ್ಪಾಯ್ತು ರೀ, ತಪ್ಪಾಯ್ತು, ಇನ್ನು ಮಾತಾಡಲ್ಲ," ಎನ್ನುತ್ತೇನೆ. ಮೂಳೆ ಮುರಿದ ಮೇಲೂ ಅದನ್ನೇ ಹೇಳುತ್ತೇನೆ. ಬೇರೆ ಒಂದು ಮಾತಿಲ್ಲ.

ಅಕ್ಕ ಎದ್ದುಹೋಗಿ ಸಿಂಕಿನಲ್ಲಿ ವಾಂತಿ ಮಾಡಿಕೊಂಡಳು.

ಸೋಮವಾರ, ಅಕ್ಕನ ಊರಿಗೆ ಹತ್ತಿರದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ತಮ್ಮ ಆಫೀಸಿನಲ್ಲಿ ವಕೀಲೆ ವಿಡಿಯೋ ನೋಡಿದರು. ಚಿತ್ರವೇ ಸಾಕು, ನಿಮಗೆ ಕಷ್ಟವಾದರೆ ಕೋರ್ಟಿನಲ್ಲಿ ಧ್ವನಿಯಿಲ್ಲದೆ ತೋರಿಸಲು ಕೇಳೋಣ ಎಂದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗುತ್ತಿರಲಿಲ್ಲ. ಅವನಿಗಿಂತ ಆ ಪರದೆಯ ಹೆಂಗಸಿನ ಮೇಲೆಯೇ ಹೆಚ್ಚು ಸಿಟ್ಟು ಬರುತ್ತಿತ್ತು. ಆದರೂ ಧ್ವನಿ ತೆಗೆಯುವುದು ಬೇಡ ಎಂದೆ. ನನ್ನ ಬಾಯಿಯ ಬಗ್ಗೆ ಮಾತಾಡಿದವರೆಲ್ಲ ಅದು ಏನು ಹೇಳಿತೆಂದು ಒಮ್ಮೆ ಕೇಳಲಿ.