ಬಂದದ್ದ ಬರೀರಿ

ಕೊಪ್ಪಳದ ನಮ್ಮ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಕೊಟ್ರಬಸಪ್ಪ ಇಪ್ಪತ್ತೆಂಟು ವರ್ಷದಿಂದ ಅಟೆಂಡರ್. ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಯಾವ ಮೀಟರಿನ ಮುಳ್ಳು ಎಲ್ಲಿ ಅಂಟಿಕೊಳ್ಳುತ್ತದೆ, ಯಾವ ಲೆನ್ಸಿಗೆ ಗೀರು ಬಿದ್ದಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ನಮಗ್ಯಾರಿಗೂ ಗೊತ್ತಿಲ್ಲ. ಹುಡುಗರು ಹಳೇ ರೆಕಾರ್ಡು ನೋಡಿ ರೀಡಿಂಗ್ ತಿದ್ದುವುದನ್ನು ಕಂಡರೆ ಅವರಿಗೆ ಮೈ ಉರಿಯುತ್ತದೆ. "ಬಂದದ್ದ ಬರೀರಿ" ಎಂದು ಮೇಜಿನಿಂದ ಮೇಜಿಗೆ ಹೇಳಿಕೊಂಡು ತಿರುಗುತ್ತಾರೆ. ಯಾರೂ ಕೇಳುವುದಿಲ್ಲ.

ನಾನು ಅಲ್ಲಿ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷವಾದರೂ ಅತಿಥಿಯೇ. ಗಂಗಾವತಿಯಿಂದ ದಿನಾ ಬಸ್ಸಿನಲ್ಲಿ ಬರುತ್ತೇನೆ. ರಜೆ ಬಂತೆಂದರೆ ಕೆಲಸ ಹೋಯಿತು, ಕಾಲೇಜು ತೆರೆದರೆ ಮತ್ತೆ ಅರ್ಜಿ.

ಹೋದ ವರ್ಷ ಒಂದು ಮಧ್ಯಾಹ್ನ ಕೊಟ್ರಬಸಪ್ಪ ತಮ್ಮ ಮಗಳು ಅಮೃತಾಳನ್ನು ನನ್ನ ಮುಂದೆ ತಂದು ಕೂರಿಸಿದರು.

"ಹಸೀಬಾ ಮೇಡಂ, ಈಕಿಗೆ ಬಳ್ಳಾರ್‍ಯಾಗ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಸೀಟ್ ಸಿಕ್ಕೈತ್ರಿ. ಬ್ಯಾಡ, ಇಲ್ಲೇ ಬಿ.ಎಸ್ಸಿ ಫಿಸಿಕ್ಸ್ ಓದ್ತೀನಿ ಅಂತಾಳ. ನಿಮ್ಮ ಪರಿಸ್ಥಿತಿ ಏನೈತಿ, ಒಂದೀಟು ಬಿಡಿಸಿ ಹೇಳ್ರಿ."

ಫಿಸಿಕ್ಸ್ ಓದಿದರೆ ಏನಾಗುತ್ತದೆ ಎಂದು ತೋರಿಸಲು ನಾನೇ ಸಿಕ್ಕಿದ್ದೆ! ಸಿಟ್ಟು ಬಂತು. ಅವರು ಸುಳ್ಳೇನೂ ಹೇಳಿರಲಿಲ್ಲವಾದ್ದರಿಂದ ಇನ್ನಷ್ಟು ಬಂತು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಾಯಂ ಆಗಿಲ್ಲ, ಆಗುವ ಭರವಸೆಯೂ ಇಲ್ಲ. ಆದರೆ ಪಾಠಕ್ಕೆ ನಿಂತಾಗ ಬೇರೇನಾದರೂ ಓದಬೇಕಿತ್ತು ಎಂದು ಒಂದು ದಿನವೂ ಅನ್ನಿಸಿಲ್ಲ.

"ಇಂಜಿನಿಯರಿಂಗ್‌ನ್ಯಾಗ ಫಿಸಿಕ್ಸ್ ಮೊದಲನೇ ವರ್ಷ ಅಷ್ಟ ಇರತೈತಿ ಮೇಡಂ," ಎಂದಳು ಅಮೃತಾ. "ಆಮ್ಯಾಲೆ ಬಿಟ್ಟಬಿಡಬೇಕು. ನನಗ ಬಿಡಾಕ ಮನಸ್ಸಿಲ್ಲ."

ಕೊಟ್ರಬಸಪ್ಪ ಮಗಳನ್ನು ಹೊರಗೆ ಕಳಿಸಿ, ದನಿ ತಗ್ಗಿಸಿದರು. "ಖರೇ ಹೇಳತೀನ್ರಿ. ಇಲ್ಲೇ ಬಂದಳಂದ್ರ ಆಕಿ ಗೆಳತ್ಯಾರ ಮುಂದ ನಾನು ಟೇಬಲ್ ಒರಸಬೇಕು, ಸಾಮಾನು ಎತ್ತಿಡಬೇಕು. ನನ್ನ ನೋಡಿ ಆಕಿಗೆ ನಾಚಿಕಿ ಆಗೂದಿಲ್ಲೇನ್ರಿ?"

ನನ್ನ ಸಿಟ್ಟು ಅಲ್ಲೇ ಇಳಿಯಿತು.

ಮರುದಿನ ತಂದೆ ಮಗಳು ಸಿಇಟಿ ವೆಬ್‌ಸೈಟಿನಲ್ಲಿ ಸೀಟಿನ ತೀರ್ಮಾನ ತಿಳಿಸಲು ಕಂಪ್ಯೂಟರ್ ಅಂಗಡಿಗೆ ಹೋದರು. ಒಂದನೇ ಚಾಯ್ಸ್ ಒತ್ತಿದರೆ ಸೀಟು ಒಪ್ಪಿದಂತೆ, ನಾಲ್ಕನೆಯದು ಒತ್ತಿದರೆ ಬಿಟ್ಟುಕೊಟ್ಟಂತೆ. ಅಮೃತಾ ನಾಲ್ಕು ಒತ್ತಿದಳು. ಪಕ್ಕದಲ್ಲಿದ್ದ ಕೊಟ್ರಬಸಪ್ಪ ತಡೆಯಲಿಲ್ಲವಂತೆ. ಒಂದೇ ಮಾತು ಹೇಳಿದರಂತೆ: "ಕಾಲೇಜಿನ್ಯಾಗ ನನ್ನ ಅಪ್ಪಾ ಅನಬ್ಯಾಡ. ಎಲ್ಲಾರಂಗ ಕೊಟ್ರಬಸಣ್ಣಾ ಅನ್ನು."

ಮೊದಲ ಪ್ರಾಕ್ಟಿಕಲ್ಸಿಗೆ ಲೋಲಕದ ಪ್ರಯೋಗ ಕೊಟ್ಟಿದ್ದೆ. ದಾರಕ್ಕೆ ಗುಂಡು ಕಟ್ಟಿ ತೂಗಿಸಿ, ಸ್ಟಾಪ್ ವಾಚಿನಲ್ಲಿ ಹೊತ್ತು ಅಳೆದು, ಭೂಮಿಯ ಸೆಳೆತ ಕಂಡುಹಿಡಿಯಬೇಕು. ಉತ್ತರ 9.8 ಬರಬೇಕು ಎಂಬುದು ಎಲ್ಲರಿಗೂ ಮೊದಲೇ ಗೊತ್ತು, ಹಾಗಾಗಿ ಎಲ್ಲರಿಗೂ ಬಂದೂಬಿಟ್ಟಿತು. ಅಮೃತಾಗೆ 9.4 ಬಂತು. ಮತ್ತೆ ಮಾಡಿದಳು. ಮತ್ತೆ 9.4. ಅದನ್ನೇ ಬರೆದು, ವಾಚು ಎತ್ತಿ ಹಿಡಿದು ಲ್ಯಾಬಿಗೆಲ್ಲ ಕೇಳುವಂತೆ ಕೂಗಿದಳು.

"ಅಪ್ಪಾ, ಈ ವಾಚ್ ಮುಂದ ಓಡಾಕತ್ತೈತಿ!"

ಹುಡುಗ ಹುಡುಗಿಯರೆಲ್ಲ ತಿರುಗಿ ನೋಡಿದರು. ಟೇಬಲ್ ಒರೆಸುವ ಬಟ್ಟೆ ಹಿಡಿದು ನಿಂತಿದ್ದ ಕೊಟ್ರಬಸಪ್ಪ ನಿಂತಲ್ಲೇ ನಿಂತರು. ಆಮೇಲೆ ಬಂದು, ವಾಚನ್ನು ತಮ್ಮ ಕೈಗಡಿಯಾರದ ಪಕ್ಕ ಹಿಡಿದು ಒಂದು ನಿಮಿಷ ನೋಡಿದರು. ಒಂದು ಸೆಕೆಂಡಿಗಿಂತ ಹೆಚ್ಚೇ ಮುಂದಿತ್ತು; ವಾಚು ಹೊತ್ತು ಹೆಚ್ಚು ತೋರಿಸಿದರೆ ಉತ್ತರ ಕಡಿಮೆ ಬರುತ್ತದೆ. ಹಿಂದಿನ ಬ್ಯಾಚಿನವರು ಅದೇ ವಾಚಿನಲ್ಲಿ 9.8 ತೆಗೆದಿದ್ದರು. ಬಂದದ್ದನ್ನು ಯಾರಾದರೂ ಬರೆದಿದ್ದರೆ ತಾನೇ ಕೊಟ್ರಬಸಪ್ಪನವರಿಗೆ ಗೊತ್ತಾಗುವುದು?

ರಿಪೇರಿ ರಿಜಿಸ್ಟರ್ ತಂದು ನನ್ನ ಮುಂದಿಟ್ಟರು. ವಾಚಿನ ನಂಬರ್ ಬರೆದು, ದೋಷ ಕಂಡುಹಿಡಿದವರು ಯಾರು ಎಂದು ಕೇಳಿದೆ.

"ನನ್ನ ಮಗಳು," ಎಂದರು, ಎಲ್ಲರಿಗೂ ಕೇಳುವಂತೆ. "ಅಮೃತಾ. ಬಿ.ಎಸ್ಸಿ ಫಸ್ಟ್ ಇಯರ್. ಬರೀರಿ ಮೇಡಂ."